ಮಾವನವರ ಹೆಗಲಿಗೇರಿದ ವಿಲಾಯಿತಿ ಚೀಲ

ನನಗೆ ಚೀಲದ ಹುಚ್ಚು. ಒಡವೆಯ ಹುಚ್ಚಿಲ್ಲ, ಸೀರೆಯದು ಅಷ್ಟಕ್ಕಷ್ಟೇ. ಹೆಂಗಸರು ಹೆಗಲಿಗೆ ಹಾಕಿಕೊಳ್ಳುವ ಚೀಲ, ಅದರಲ್ಲೂ ಹೊರದೇಶದ್ದು, ಅದರಲ್ಲೂ ಯಾರೋ ಬಳಸಿ ಬಿಟ್ಟದ್ದು ಕಣ್ಣಿಗೆ ಬಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ನಿಲಂಗಾದ ಒಂದು ಸಾಲೆಯಲ್ಲಿ ನಾನು ಚಿಕ್ಕ ಮಕ್ಕಳಿಗೆ ಮರಾಠಿ ಕಲಿಸುತ್ತಿದ್ದೆ. ನಮ್ಮ ಕಡೆ ಸಾಲೆಯ ಟೀಚರಿಗೆ ಬಾಯಿ ಎನ್ನುತ್ತಾರೆ. ಮಕ್ಕಳು ನನಗೆ ಇಟ್ಟ ಹೆಸರು ಪರ್ಸ್‌ವಾಲಿ ಬಾಯಿ. ಹೆಸರಿಟ್ಟ ಮಕ್ಕಳಿಗೆ ಈಗ ಮಕ್ಕಳಾಗಿವೆ, ಹೆಸರು ಮಾತ್ರ ನನ್ನನ್ನು ಬಿಟ್ಟಿಲ್ಲ.

ಹುಚ್ಚು ಹತ್ತಿದ್ದು ಲಾತೂರಿನ ಭೂಕಂಪದ ವರ್ಷ. ನಮ್ಮ ಮನೆಯ ಒಂದು ಗೋಡೆ ಬಿತ್ತು, ಜೀವಗಳು ಉಳಿದವು. ಆದರೂ ಒಳಗೆ ಮಲಗುವ ಧೈರ್ಯವಿಲ್ಲದೆ ಕೆಲವು ತಿಂಗಳು ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಇದ್ದೆವು. ಸಾಲೆಯಲ್ಲಿ ಪಾಠ ನಿಂತು, ಪರಿಹಾರದ ಸಾಮಾನು ಬಂದು ಬೀಳತೊಡಗಿತು. ಲಾರಿಗಟ್ಟಲೆ ಹಳೆಯ ಬಟ್ಟೆ. ನಾವು ಬಾಯಿಯರು ಕುಳಿತು ಅದನ್ನೆಲ್ಲ ಬೇರೆ ಬೇರೆ ಮಾಡಬೇಕು. ಯಾರೋ ಪುಣ್ಯಾತ್ಮರು ಮೊಣಕಾಲುದ್ದದ ಉಣ್ಣೆಯ ಕೋಟು ಕಳಿಸಿದ್ದರು. ನಮ್ಮ ಬಿಸಿಲಲ್ಲಿ ಅದನ್ನು ತೊಟ್ಟುಕೊಂಡು ಎಲ್ಲಿಗೆ ಹೋಗುವುದು? ಅದು ಹಾಸಿಗೆಯಾಯಿತು. ಕಂಬಳಿ, ಪಾತ್ರೆ ಕೊಟ್ಟರೆ ಜನ ಕೈಮುಗಿದು ಒಯ್ಯುತ್ತಿದ್ದರು. ಕೈಚೀಲ ಮಾತ್ರ ಯಾರಿಗೂ ಬೇಡವಾಗಿತ್ತು. ಎಲ್ಲ ಹೋದ ಮೇಲೆ ಅದರಲ್ಲಿ ಇಡುವುದಾದರೂ ಏನು? ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ಚೀಲಗಳನ್ನು ಹೆಡ್‌ಮಾಸ್ತರರು ನಮಗೇ ಹಂಚಿಬಿಟ್ಟರು, ಮಕ್ಕಳ ಪಟ್ಟಿ ಪುಸ್ತಕ ಇಡಲಿಕ್ಕಾದರೂ ಆದೀತೆಂದು. ನನ್ನ ಪಾಲಿಗೆ ಒಂದು ಕಪ್ಪು ಪುಟ್ಟ ಚೀಲ ಬಂತು. ಅದರ ಝಿಪ್ಪು ಎಳೆದರೆ ತುಪ್ಪದಲ್ಲಿ ಬೆರಳು ಆಡಿಸಿದ ಹಾಗೆ ಸರಿಯುತ್ತಿತ್ತು. ಸುತ್ತ ಜನ ಅಳುತ್ತಿರುವಾಗ ನನ್ನ ಲಕ್ಷ್ಯ ಝಿಪ್ಪಿನ ಮೇಲೆ ಹೋಯಿತಲ್ಲ ಎಂದು ಈಗಲೂ ನಾಚಿಕೆಯಾಗುತ್ತದೆ. ಆದರೆ ಹೋದದ್ದಂತೂ ನಿಜ.

ನನ್ನ ತವರು ಉದ್ಗೀರ. ಗಂಡನ ಮನೆಯವರಂತೆ ನಾವೂ ಜಂಗಮರೇ, ಆದರೆ ನಮ್ಮಪ್ಪ ಮನೆಮನೆಗೆ ಪೂಜೆಗೆ ಹೋದವರಲ್ಲ, ಒಬ್ಬ ಶೇಠಜಿಯ ಬಟ್ಟೆ ಅಂಗಡಿಯಲ್ಲಿ ಆಯುಷ್ಯವೆಲ್ಲ ಗಜ ಹಿಡಿದವರು. ಅರಿವೆಯನ್ನು ಕಣ್ಣಿನಿಂದ ನೋಡುವವನು ಮೋಸಹೋಗುತ್ತಾನೆ, ಬೆರಳಿನಿಂದ ನೋಡಬೇಕು ಎಂದು ನನಗೆ ಕಲಿಸಿದವರು ಅವರು. ಅವರಿಂದ ನನಗೆ ಬಂದ ಆಸ್ತಿ ಅದೊಂದೇ.

ಉದ್ಗೀರದ ವಾರದ ಸಂತೆಯಲ್ಲಿ ಭೂಕಂಪದ ಮುಂದಿನ ವರ್ಷಗಳಲ್ಲಿ ಹಳೆಯ ಬಟ್ಟೆಯ ಸಾಲು ಬೆಳೆಯಿತು. ಮೊದಮೊದಲು ಪರಿಹಾರಕ್ಕೆ ಬಂದು ಉಳಿದದ್ದು, ಆಮೇಲೆ ಮುಂಬಯಿಯಿಂದ ಗಂಟು ಕಟ್ಟಿಕೊಂಡು ಬಂದದ್ದು. ನೆಲಕ್ಕೆ ತಾಡಪತ್ರಿ ಹಾಸಿ, ಗಂಟು ಬಿಚ್ಚಿ ಸುರಿದುಬಿಡುತ್ತಿದ್ದರು. ಚೀಲಗಳ ರಾಶಿಯ ಮುಂದೆ ಕೂರುತ್ತಿದ್ದವಳು ಒಬ್ಬ ಮುದುಕಿ. ಎಲ್ಲರೂ ಅವಳನ್ನು ಮೌಶಿ ಎನ್ನುತ್ತಿದ್ದರು, ನಾನೂ ಅಂದೆ. ಅವಳ ಲೆಕ್ಕ ನೆಟ್ಟಗಿತ್ತು: ದೊಡ್ಡ ಚೀಲಕ್ಕೆ ಹೆಚ್ಚು, ಸಣ್ಣದಕ್ಕೆ ಕಡಿಮೆ, ಮಿರಿಮಿರಿ ಹೊಳೆಯುವುದಕ್ಕೆ ಇನ್ನೂ ಹೆಚ್ಚು. ಮಾಸಿದ ಬಣ್ಣದ, ಕುಸುರಿಯಿಲ್ಲದ ಚೀಲವನ್ನು ಅವಳು ಕಾಲಿನಿಂದ ಸರಿಸಿ ಬದಿಗೆ ಹಾಕುತ್ತಿದ್ದಳು. ನನ್ನ ಪಾಲಿನ ಬಂಗಾರ ಇರುತ್ತಿದ್ದುದು ಆ ಬದಿಯಲ್ಲಿ.

ಅದು ಬಂಗಾರವೆಂದು ಗೊತ್ತಾದದ್ದು ಲಾತೂರಿನ ಹಲ್ಲಿನ ಡಾಕ್ಟರರ ಹತ್ತಿರ. ದವಡೆ ಹಿಡಿದುಕೊಂಡು ಪಾಳಿ ಕಾಯುತ್ತ ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆ ತಿರುವುತ್ತಿದ್ದೆ. ಅದರ ಜಾಹೀರಾತಿನಲ್ಲಿ ಒಬ್ಬ ಬಿಳಿಯ ಹೆಂಗಸು ನನ್ನ ಕಪ್ಪು ಚೀಲವನ್ನೇ ಹಿಡಿದು ನಿಂತಿದ್ದಳು. ಅದೇ ಕೊಂಡಿ, ಅದೇ ಹಿತ್ತಾಳೆಯ ಬಿಲ್ಲೆ. ದೊಡ್ಡ ಕಂಪನಿ, ದೊಡ್ಡ ಹೆಸರು. ಆ ಚೀಲವನ್ನು ಹೊಸದಾಗಿ ಕೊಳ್ಳಬೇಕೆಂದರೆ ನನ್ನಂಥವಳು ವರ್ಷವಿಡೀ ಸಂಬಳ ಮುಟ್ಟದೆ ಇರಬೇಕು ಎಂದು ಪಕ್ಕದಲ್ಲಿ ಕೂತಿದ್ದ ಕಾಲೇಜಿನ ಹುಡುಗಿ ಹೇಳಿದಳು. ಹಲ್ಲುನೋವು ಎಲ್ಲಿ ಹೋಯಿತೋ. ಅಂದಿನಿಂದ ತವರಿಗೆ ಹೋಗುವ ನೆಪಗಳು ನನಗೆ ಸಾಲುಸಾಲಾಗಿ ಹುಟ್ಟಿದವು. ಅಮ್ಮನಿಗೆ ನೆಗಡಿ ಎಂದರೂ ಸಾಕು, ಸಂತೆಯ ದಿನ ನಾನು ಉದ್ಗೀರದಲ್ಲಿ.

ಆರಿಸುವುದಕ್ಕೂ ಒಂದು ಕ್ರಮವಿತ್ತು. ಮನಸ್ಸಿಗೆ ಬಂದ ಚೀಲವನ್ನು ಮೊದಲು ಮುಟ್ಟಬಾರದು. ಹೊಳೆಯುವ ಒಂದನ್ನು ಎತ್ತಿ, ಹತ್ತು ಮಾತು ಚೌಕಾಸಿ ಮಾಡಿ, ಮೂಗು ಮುರಿದು ಕೆಳಗಿಟ್ಟು, ಹೋಗಲಿ ಇದಾದರೂ ಕೊಡು ಎಂದು ಬೇಕಾದುದನ್ನು ಎತ್ತಬೇಕು. ಎತ್ತಿದಾಗ ಬೆರಳು ತನ್ನ ಕೆಲಸ ಮಾಡುತ್ತದೆ. ಹೊಲಿಗೆ ಒತ್ತೊತ್ತಾಗಿ ಒಂದೇ ಅಳತೆಯಲ್ಲಿದೆಯೇ, ಅಂಚು ಮಡಚಿದೆಯೇ ಬರೀ ಬಣ್ಣ ಬಳಿದಿದೆಯೇ, ಮಡಚಿದರೆ ಅಂಗೈಯ ಗೆರೆಯಂಥ ಸುಕ್ಕು ಬೀಳುತ್ತದೆಯೇ. ರೆಕ್ಝಿನ್, ಅಂದರೆ ನಕಲಿ ಚರ್ಮ, ಕೈಗೆ ತಣ್ಣಗಿರುತ್ತದೆ. ಚರ್ಮ ಸ್ವಲ್ಪ ಹೊತ್ತಿಗೆ ನಮ್ಮ ಕೈಯಷ್ಟೇ ಬೆಚ್ಚಗಾಗುತ್ತದೆ.

ಈ ಚರ್ಮದ್ದೇ ಪಂಚಾಯಿತಿ. ನಾನು ಸೊಸೆಯಾಗಿ ಹೋದದ್ದು ನಿಲಂಗಾದ ಅಯ್ಯನವರ ಮನೆಗೆ. ಮಾವನವರು ಭಕ್ತರ ಮನೆಗಳಿಗೆ ಹೋಗಿ ಮಗುವಿಗೆ ಲಿಂಗ ಕಟ್ಟುವುದರಿಂದ ಹಿಡಿದು ಸತ್ತವರ ಕೊನೆಯ ಶಾಸ್ತ್ರದವರೆಗೆ ಎಲ್ಲ ಮಾಡುತ್ತಿದ್ದವರು. ಉಮರ್ಗಾ, ತುರೋರಿ, ಲೋಹಾರಾ, ಎಲ್ಲ ಕಡೆ ಅವರನ್ನು ನಂಬಿದ ವ್ಯಾಪಾರಸ್ಥರ ಮನೆಗಳಿದ್ದವು. ಅವರ ಮೈಗೆ ಚರ್ಮ ತಾಗುವಂತಿರಲಿಲ್ಲ. ಕಾಲಿಗೆ ರಬ್ಬರಿನ ಚಪ್ಪಲಿ. ಮಗ ವಾಚು ಕೊಡಿಸಿದರೆ, ಅದರ ಚರ್ಮದ ಪಟ್ಟಿ ತೆಗೆಸಿ ಸ್ಟೀಲಿನದು ಹಾಕಿಸಿದ ಮೇಲೆಯೇ ಕಟ್ಟಿಕೊಂಡರು. ಇದನ್ನು ಅವರು ಯಾರ ಮೇಲೂ ಹೇರಲಿಲ್ಲ, ಅದಕ್ಕಾಗಿ ಯಾರನ್ನೂ ಗದರಲಿಲ್ಲ. ಎದೆಯ ಮೇಲೆ ಲಿಂಗ ಇದ್ದವನು ಇಷ್ಟು ಮಾಡಬೇಕು ಎಂದು ಮಾಡುತ್ತಿದ್ದರು, ಅಷ್ಟೇ. ಸುಳ್ಳಿನ ವಿಷಯದಲ್ಲೂ ಹಾಗೆಯೇ. ಬೇಡದವರು ಬಾಗಿಲಿಗೆ ಬಂದರೆ ಮನೆಯಲ್ಲಿಲ್ಲ ಎಂದು ಹೇಳಿಸುವುದೂ ಅವರಿಗೆ ಸೇರುತ್ತಿರಲಿಲ್ಲ.

ಒಂದು ಸಲ ಮೌಶಿಯ ರಾಶಿಯ ಬದಿಯಲ್ಲಿ ಒಂದು ಕಂದು ಬಣ್ಣದ ಚೀಲ ಸಿಕ್ಕಿತು. ಅಗಲವಾದ ಪಟ್ಟಿ, ಒಳಗೆ ಮೂರು ಮನೆ, ಹೊರಗೆ ಒಂದು ಕಿಸೆ, ಮುಚ್ಚಳದ ಮೂಲೆಯಲ್ಲಿ ಉಗುರಿನಷ್ಟು ಸಣ್ಣ ಅಕ್ಷರದಲ್ಲಿ ಕಂಪನಿಯ ಹೆಸರು. ದೊಡ್ಡ ಹೆಸರಿನವರು ಕೂಗುವುದಿಲ್ಲ ಎಂಬುದು ಆಗಲೇ ನನಗೆ ತಿಳಿದಿತ್ತು. ಕೈಯಲ್ಲಿ ಹಿಡಿದು ನಾಲ್ಕು ಮಾತಾಡುವುದರೊಳಗೆ ಅದು ಬೆಚ್ಚಗಾಯಿತು. ಬಸ್ಸಿನಲ್ಲಿ ನಿಲಂಗಾದವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ನೇವರಿಸುತ್ತ ಬಂದೆ. ಅಷ್ಟು ಸುಖ ನನ್ನ ಮದುವೆಯ ದಿನವೂ ನಾನು ಪಟ್ಟಿರಲಿಲ್ಲ.

ಬಾಗಿಲಲ್ಲೇ ಮಾವನವರು ಕೂತಿದ್ದರು. ಚೀಲ ನೋಡಿ, "ಚಮಡೀದೇನವ್ವಾ?" ಎಂದರು. ಬರೀ ಕೇಳಿದರು, ಅದರಲ್ಲಿ ಏನೂ ಇರಲಿಲ್ಲ. ಹೌದೆಂದಿದ್ದರೆ ಸಾಲೆಯಲ್ಲಿ ಇಟ್ಟುಕೋ ಅನ್ನುತ್ತಿದ್ದರೇನೋ. ನಾನು ಸೆರಗು ಸರಿಮಾಡಿಕೊಂಡು, "ಅಲ್ಲರಿ ಮಾವಾರ, ರೆಕ್ಝಿನ್ ಅದರಿ," ಎಂದೆ. ಉಸಿರಾಡಿದಷ್ಟು ಸಲೀಸಾಗಿ ಬಂತು ಸುಳ್ಳು. ದೇವರ ಮನೆಯಿಂದ ದೂರ, ಬಾಗಿಲ ಹತ್ತಿರದ ಗೂಟಕ್ಕೆ ಅದನ್ನು ತೂಗುಹಾಕಿದೆ. ನನ್ನ ಮಟ್ಟಿಗೆ ಅಷ್ಟು ಸಾಕಾಗಿತ್ತು.

ಆ ಸಲದ ಮಳೆಗಾಲದಲ್ಲಿ ಮಾವನವರು ಲೋಹಾರಾದ ಕಡೆಯಿಂದ ಬರುವಾಗ ದಾರಿಯಲ್ಲಿ ನೆನೆದು ತೊಪ್ಪೆಯಾದರು. ಅವರ ಬಟ್ಟೆಯ ಜೋಳಿಗೆಯಲ್ಲಿದ್ದ ವಿಭೂತಿ ಕಲಸಿದ ಹಿಟ್ಟಿನಂತಾಗಿತ್ತು. ಮರುದಿನ ಮುಂಜಾನೆ ಗೂಟದ ಮುಂದೆ ನಿಂತು ನನ್ನ ಚೀಲವನ್ನೇ ನೋಡುತ್ತಿದ್ದರು. ಇದರಲ್ಲಿ ನೀರು ಇಳಿಯುತ್ತದೆಯೇ ಎಂದು ಕೇಳಿದರು. ಇಲ್ಲವೆಂದೆ. ನಿನಗೆ ಬೇಸರವಿಲ್ಲವೆಂದರೆ ನಾನು ಒಯ್ಯಲೇ ಎಂದರು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಅವರು ನನ್ನಿಂದ ಒಂದು ಲೋಟ ನೀರನ್ನೂ ಕೇಳಿ ಪಡೆದವರಲ್ಲ. ನಿಜ ಹೇಳಲು ಅದೇ ಹೊತ್ತಾಗಿತ್ತು. ನಾನು ಗೂಟದಿಂದ ಚೀಲ ಇಳಿಸಿ, ಒಳಗಿದ್ದ ನನ್ನ ಪೆನ್ನು, ಕರವಸ್ತ್ರ ತೆಗೆದು, ನಾಳೆ ಕೊಡುತ್ತೇನೆ ಎಂದೆ.

ಕೊಡುವ ಮೊದಲು ದಪ್ಪ ಖಾದಿಯ ಅಸ್ತರು ಹೊಲಿದು ಒಳಗೆಲ್ಲ ಹಾಕಿದೆ. ಪೂಜೆಯ ಸಾಮಾನಿಗೆ ಚರ್ಮ ತಾಗುವುದಿಲ್ಲವಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಮಾವನವರು ಅದನ್ನು ಸೊಸೆಯ ಅಕ್ಕರೆ ಎಂದುಕೊಂಡು ಮಗನ ಮುಂದೆ ಹೊಗಳಿದರು.

ಬಿಳಿ ಧೋತರ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಹೆಗಲಲ್ಲಿ ಪರದೇಶದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಕೊಳ್ಳುವ ಚೀಲ. ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಮಾವನವರು ಹಾಗೆ ನಿಂತಿರುವುದನ್ನು ಮೊದಲ ಸಲ ಕಂಡಾಗ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಅದು ಹೆಂಗಸರ ಚೀಲವೆಂದು ಊರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಯ್ಯನವರ ಚೀಲ ಎಂದೇ ಆಗಿಹೋಯಿತು. ಆದರೆ ಅದರ ಪಟ್ಟಿ ಎದೆಯ ಮೇಲೆ ಹಾದು ಹೋಗುತ್ತಿತ್ತು, ಅದರ ಕೆಳಗೇ ಅಂಗಿಯೊಳಗೆ ಅವರ ಲಿಂಗವಿತ್ತು. ಅದು ಕಂಡಾಗೆಲ್ಲ ನನ್ನ ನಗು ಇಂಗಿ ಹೋಗುತ್ತಿತ್ತು. ಹೀಗೆ ಎರಡು ವರ್ಷ ಕಳೆದವು.

ಉಮರ್ಗಾದಲ್ಲಿ ಕಾಳಿನ ವ್ಯಾಪಾರ ಮಾಡುವ ಒಬ್ಬ ಸಾವ್ಕಾರರು ಮಾವನವರ ಹಳೆಯ ಭಕ್ತರು. ಅವರ ಮಗನಿಗೆ ಮದುವೆಯಾಗಿ ಹನ್ನೊಂದು ವರ್ಷಕ್ಕೆ ಗಂಡುಮಗು ಹುಟ್ಟಿತು. ಮಗುವಿಗೆ ಲಿಂಗ ಕಟ್ಟುವ ದಿನ ಮನೆಮಂದಿಯೆಲ್ಲ ಬರಲೇಬೇಕೆಂದು ಹೇಳಿ ಕಳಿಸಿದ್ದರಿಂದ ನಾನೂ ಹೊರಟೆ. ಮಾವನವರು ಮಗುವಿಗೆಂದು ಪುಟ್ಟ ಲಿಂಗ ತಂದು, ಹಲವು ದಿನ ತಮ್ಮ ಪೂಜೆಯ ಜೊತೆ ಇಟ್ಟು ಪೂಜಿಸಿದ್ದರು. ಹನ್ನೊಂದು ವರ್ಷ ಕಾದ ಮಗು, ಯಾವುದರಲ್ಲೂ ಊನವಾಗಬಾರದು ಎಂದು ಬಸ್ಸಿನಲ್ಲಿ ಎರಡು ಸಲ ಅಂದರು.

ಸಾವ್ಕಾರರ ಪಡಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಮಗುವಿಗೆ ಸ್ನಾನ ಮಾಡಿಸಿ ತಂದರು. ಮಾವನವರು ಎದ್ದು ಚೀಲ ಹತ್ತಿರ ಎಳೆದುಕೊಂಡು ಹೊರಗಿನ ಕಿಸೆಯ ಮೇಲೆ ಕೈಯಿಟ್ಟರು. ಲಿಂಗ ಬೇಗ ಕೈಗೆ ಸಿಗಲೆಂದು ತೆಳು ಅರಿವೆಯಲ್ಲಿ ಸುತ್ತಿ ಅಲ್ಲಿ ಇಟ್ಟಿದ್ದರು. ಆ ಕಿಸೆಗೆ ನಾನು ಅಸ್ತರು ಹಾಕಿರಲಿಲ್ಲ. ಎಲ್ಲರ ಎದುರಿಗೆ ಅವರನ್ನು ಒಳಗಿನ ನಡುಮನೆಗೆ ಕರೆದೆ, ಅವರು ಚೀಲ ಹಿಡಿದೇ ಬಂದರು. ಸೊಸೆ ಹಾಗೆ ಕರೆಯುವುದು ನಮ್ಮಲ್ಲಿ ಇಲ್ಲ, ಜನ ತಿರುಗಿ ನೋಡಿದರು.

ಅದು ರೆಕ್ಝಿನ್ ಅಲ್ಲ, ಚರ್ಮ, ಮೊದಲ ದಿನದಿಂದ ನನಗೆ ಗೊತ್ತಿತ್ತು ಎಂದು ನೆಲ ನೋಡುತ್ತ ಹೇಳಿದೆ. ಅವರು ಲಿಂಗವನ್ನು ಹೊರತೆಗೆದು ಅಂಗೈಯಲ್ಲಿಟ್ಟುಕೊಂಡರು. ಚೀಲವನ್ನು ಒಯ್ದು ಹೊರಬಾಗಿಲಲ್ಲಿ, ಬಂದವರ ಚಪ್ಪಲಿಗಳ ಸಾಲಿನಲ್ಲಿ ಇಟ್ಟುಬಂದರು. ಆಮೇಲೆ ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನಂದಾ ತಪ್ಪಾಗ್ಯಾದರಿ. ಮುಂಜಾನಿ ಈ ಲಿಂಗದ ಪೂಜಾ ಮಾಡೂದು ಮರತು ಬಂದೀನಿ. ಮತ್ತ ಜಳಕಾ ಮಾಡಿ ಪೂಜಾ ಮಾಡತೀನಿ, ಜರಾ ತಡಕೋರಿ."

ಅವರು ಸ್ನಾನ ಮಾಡಿ, ತಮ್ಮ ಲಿಂಗವನ್ನೂ ಮಗುವಿನ ಲಿಂಗವನ್ನೂ ತೊಳೆದು, ಮೊದಲಿಂದ ಪೂಜೆ ಮುಗಿಸುವುದರೊಳಗೆ ಮುಹೂರ್ತ ದಾಟಿ ಹೋಯಿತು. ಮಗು ಅತ್ತು ಅತ್ತು ನಿದ್ದೆ ಹೋಯಿತು. ಹನ್ನೊಂದು ವರ್ಷ ಕಾದವರ ಮನೆಯಲ್ಲಿ ಅಯ್ಯನವರು ಪೂಜೆ ಮರೆತರಂತೆ ಎಂಬ ಗುಸುಗುಸು ಅಡುಗೆಮನೆಯವರೆಗೂ ಬಂತು. ನಾನು ಅಲ್ಲಿಯೇ ಹೋಳಿಗೆ ಬಡಿಸುವವರ ನಡುವೆ ಇದ್ದೆ. ಬಾಯಿ ತೆರೆಯಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಸಿಟ್ಟಿಲ್ಲದ ದನಿಯಲ್ಲಿ ಅಂದರು. "ಚರ್ಮಾ ತಾಗಿದ್ದು ತೊಳದ್ರ ಹೋಗತದವ್ವಾ. ಇವತ್ತ ನಾ ಸುಳ್ಳ ಹೇಳೀನಿ. ಇದಕ ಏನ ಮಾಡಲಿ, ನನಗ ತಿಳೀವಲ್ದು."

ಬೈದಿದ್ದರೆ ಎರಡು ದಿನ ಅತ್ತು ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ, ಮಗನಿಗೂ ಹೇಳಲಿಲ್ಲ. ಹೊಸ ಜೋಳಿಗೆ ಹೊಲಿಸಿಕೊಂಡು, ಒಳಗೊಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಂಡರು. ಕಂದು ಚೀಲವನ್ನು ನಾನು ಸಾಲೆಯ ಕಪಾಟಿಗೆ ಸಾಗಿಸಿದೆ. ಎಸೆಯಬೇಕಿತ್ತು. ಎಸೆಯಲಿಕ್ಕೆ ಮನಸ್ಸಾಗಲಿಲ್ಲ, ಅಷ್ಟು ಚಂದವಿತ್ತು ಅದು. ನಾನು ಎಂಥವಳು ಎಂಬುದು ಓದುವವರಿಗೆ ಇಷ್ಟರಲ್ಲಿ ತಿಳಿದಿರಬೇಕು.

ಜೋಳಿಗೆ ಹೊಸದಾಯಿತು, ಕರೆಗಳು ಕಡಿಮೆಯಾದವು. ವ್ಯಾಪಾರಸ್ಥರ ಊರುಗಳಲ್ಲಿ ಮಾತು ಕಾಳಿನ ಮೂಟೆಯ ಜೊತೆಗೇ ತಿರುಗುತ್ತದೆ. ಅಯ್ಯನವರಿಗೆ ಮರೆವು ಹತ್ತಿದೆಯಂತೆ ಎಂಬುದು ಉಮರ್ಗಾದಿಂದ ತುರೋರಿಗೆ, ತುರೋರಿಯಿಂದ ಲೋಹಾರಾಕ್ಕೆ ಹೋಯಿತು. ಯಾರೂ ಕೆಟ್ಟ ಮಾತು ಆಡಲಿಲ್ಲ. ಹಬ್ಬಕ್ಕೆ ಕಾಯಿ, ಸಕ್ಕರೆ, ಧೋತರ ಕಳಿಸಿದರು. ಕೆಲಸಕ್ಕೆ ಮಾತ್ರ ಬೇರೆಯವರನ್ನು ಕರೆದರು. ಮಾವನವರು ರೂಢಿಯಂತೆ ಮುಂಜಾನೆ ಎದ್ದು, ಪೂಜೆ ಮುಗಿಸಿ, ಮಡಿ ಧೋತರ ಉಟ್ಟು ಬಾಗಿಲಲ್ಲಿ ಕೂರುತ್ತಿದ್ದರು. ಊಟದ ಹೊತ್ತಾದಾಗ ಎದ್ದು ಒಳಗೆ ಬರುತ್ತಿದ್ದರು. ಆಗ ಅವರ ಮುಖ ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಅನಿಸಿತು. ಹೇಳಿದರೆ ಅವರು ಸುಳ್ಳಾಡಿದ್ದು ಹೊರಬೀಳುತ್ತದೆ ಎಂದು ನನಗೇ ನಾನು ನೆಪ ಹೇಳಿಕೊಂಡೆ. ನಿಜವಾಗಿ ಅಂಜಿದ್ದು ನನ್ನ ಮಾನಕ್ಕೆ. ಅಯ್ಯನವರ ಮನೆಯ ಸೊಸೆ ಮಾವನ ಹೆಗಲಿಗೆ ಚರ್ಮ ಹಾಕಿ ಎರಡು ವರ್ಷ ಆಡಿಸಿದಳು ಎಂದರೆ ಯಾವ ಮನೆಯಲ್ಲಿ ನನಗೆ ಮಣೆ ಹಾಕಿಯಾರು?

ಒಂದೂವರೆ ವರ್ಷದ ಮೇಲೆ ಅದೇ ಸಾವ್ಕಾರರ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಹೆಣ್ಣುಮಗುವಿಗೂ ಲಿಂಗ ಕಟ್ಟುತ್ತಾರೆ. ಮಾವನವರಿಗೂ ಕರೆ ಬಂತು, ಊಟಕ್ಕೆ ಮತ್ತು ಆಶೀರ್ವಾದಕ್ಕೆ. ಲಿಂಗ ಕಟ್ಟುವವರು ಬೇರೆಯವರು. ಹೋಗುವುದು ಬೇಡವೆಂದು ನನ್ನ ಗಂಡ ಅಂದರು. ಮಾವನವರು ಕೇಳಲಿಲ್ಲ, ಭಕ್ತರು ಕರೆದಾಗ ಹೋಗದೆ ಇರುವುದು ಸರಿಯಲ್ಲವೆಂದರು. ನಾನು ಜೊತೆಗೆ ಹೊರಟೆ.

ಅವರಿಗೆ ಪಡಸಾಲೆಯಲ್ಲಿ ಗೋಡೆಯ ಪಕ್ಕ ಗಾದಿ ಹಾಕಿ, ಬೆನ್ನಿಗೆ ಲೋಡು ಕೊಟ್ಟು ಕೂರಿಸಿದರು. ಎದುರಿಗೆ ಒಬ್ಬ ನಡುವಯಸ್ಸಿನ ಅಯ್ಯನವರು ಪೂಜೆಯ ಸಾಮಾನು ಹರಡಿಕೊಳ್ಳುತ್ತಿದ್ದರು. ಮಾವನವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದರು. ವಿಭೂತಿಯ ಗಟ್ಟಿ ಎಡಕ್ಕಿಟ್ಟದ್ದು ಅವರಿಗೆ ಒಪ್ಪಿಗೆಯಾಗಲಿಲ್ಲವೇನೋ, ಬಲಗೈ ಒಂದು ಕ್ಷಣ ಏಳಹೋಗಿ ಮತ್ತೆ ತೊಡೆಗೆ ಬಂತು. ಹೆಂಗಸರ ಸಾಲಿನಲ್ಲಿ ಸಾವ್ಕಾರರ ಹೆಂಡತಿ ನೆಂಟರಿಗೆ ಹೇಳುತ್ತಿದ್ದರು. ಅವರ ದನಿಯಲ್ಲಿ ಕೊಂಕಿರಲಿಲ್ಲ, ಕರುಣೆಯೇ ಇತ್ತು.

"ನಮ್ಮ ಅಯ್ಯಾರಿಗಿ ಈಗ ನೆನಪ ಉಳಿಯಂಗಿಲ್ಲರಿ. ಅವರಿಗಿ ತ್ರಾಸ ಯಾಕಂತ ಬ್ಯಾರೇದೋರಿಗಿ ಕರದೀವಿ."

ಮಾವನವರಿಗೆ ಅದು ಕೇಳಿಸಿತು. ಅವರು ತಲೆ ತಗ್ಗಿಸಿ ಧೋತರದ ನಿರಿಗೆ ಸರಿಮಾಡಿಕೊಂಡರು.

ನಾನು ಎದ್ದು ನಿಂತದ್ದು ನನಗೇ ಆಮೇಲೆ ತಿಳಿಯಿತು. ಗಂಡಸರ ಕಡೆಗೆ ಮುಖ ಮಾಡಿಯೇ ಹೇಳಿದೆ. ಅಂದು ಅವರು ಪೂಜೆ ಮರೆತಿರಲಿಲ್ಲ. ಲಿಂಗವಿದ್ದ ಚೀಲ ಚರ್ಮದ್ದು, ಉದ್ಗೀರದ ಸಂತೆಯಲ್ಲಿ ನಾನು ಕೊಂಡದ್ದು, ರೆಕ್ಝಿನ್ ಎಂದು ಸುಳ್ಳು ಹೇಳಿ ಅವರಿಗೆ ಕೊಟ್ಟದ್ದು. ಅಂದು ಲಿಂಗ ಕಟ್ಟುವ ಹೊತ್ತಿಗೆ ಹೆದರಿ ಒಪ್ಪಿಕೊಂಡೆ, ಅವರು ನನ್ನ ಮಾನ ಉಳಿಸಲು ತಪ್ಪು ತಮ್ಮದೆಂದರು. ಇಷ್ಟು ಹೇಳುವುದರಲ್ಲಿ ನನ್ನ ಸೆರಗು ಎರಡು ಸಲ ಜಾರಿತು.

ಸಾವ್ಕಾರರು ಮಾವನವರ ಹತ್ತಿರ ಬಂದು ಮಂಡಿಯೂರಿ, ಇದು ಖರೆಯೇ ಎಂದು ಮೆಲ್ಲಗೆ ಕೇಳಿದರು. ಮಾವನವರು ನನ್ನ ಕಡೆ ನೋಡಿದರು. ಇನ್ನೊಂದು ಸಲ ನನ್ನನ್ನು ಉಳಿಸಬೇಕೋ ಬೇಡವೋ ಎಂದು ಅವರು ತೂಗುತ್ತಿದ್ದಾರೆ ಎಂದು ನನಗೆ ಕಂಡಿತು. ಬೇಡ ಎಂದು ನಾನು ತಲೆಯಾಡಿಸಿದೆ.

"ಖರೇ ಅದರಿ," ಎಂದರು ಮಾವನವರು. "ನಮ್ಮ ಸೊಸಿ ಸುಳ್ಳ ಹೇಳಂಗಿಲ್ಲ."

ಎದುರಿಗಿದ್ದ ಅಯ್ಯನವರು ಎದ್ದು ತಮ್ಮ ಮಣೆ ಬಿಟ್ಟುಕೊಟ್ಟರು. ಕರೆ ಬಂದವರ ಕೈಯಿಂದಲೇ ಆಗಲಿ ಎಂದು ಮಾವನವರು ಅವರನ್ನು ಮತ್ತೆ ಕೂರಿಸಿದರು. ಹೆಂಗಸರ ಸಾಲಿನಲ್ಲಿ ನನ್ನ ಎರಡೂ ಬದಿಯವರು ಸ್ವಲ್ಪ ಸರಿದು ಕುಳಿತರು. ಅವರು ಬಿಟ್ಟ ಜಾಗದಲ್ಲಿ ಕುಳಿತು, ಮಗುವಿಗೆ ಲಿಂಗ ಕಟ್ಟಿ ಮುಗಿಯುವವರೆಗೂ ನಾನು ಅಳುತ್ತಿದ್ದೆ.